ಚಂದ್ರತಾಲ್‌ಗೆ ಬಸ್ಸಲ್ಲೂ ಹೋಗ್ಬಹುದು ಸಾರ್

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಲಿ ಹಿಮಾಚಲದ ಸ್ಪಿತಿ ಕಣಿವೆ ಬಗ್ಗೆ ಬಂದ ಲೇಖನ ಓದಿದೆ. ಫೋಟೋಗಳು ಚೆನ್ನಾಗಿದ್ವು, ಆದ್ರೆ ಚಂದ್ರತಾಲ್ ಸರೋವರ ನೋಡ್ಬೇಕು ಅಂದ್ರೆ ಟ್ಯಾಕ್ಸಿ ಮಾಡ್ಬೇಕು ಇಲ್ಲಾ ಸ್ವಂತ ಗಾಡಿ ತಗೊಂಡು ಹೋಗ್ಬೇಕು, ಬೇರೆ ದಾರೀನೇ ಇಲ್ಲ ಅನ್ನೋ ಥರ ಬರೆದಿದ್ರಲ್ಲ, ಅದನ್ನ ಓದಿ ಸುಮ್ನೆ ಕೂರೋಕಾಗ್ಲಿಲ್ಲ. ದಾರಿ ಇದೆ ಸಾರ್. ಹಿಮಾಚಲದ ಸರ್ಕಾರಿ ಬಸ್ಸು ಇದೆ, ಬಸ್ಸು ಇಳಿದ ಜಾಗದಿಂದ ನಡೆಯೋ ದಾರೀನೂ ಇದೆ. ನಾನೂ ನಮ್ಮನೆಯವ್ರೂ ಹೋಗಿದ್ದು ಹಂಗೇನೇ, ಇಬ್ಬರಿಗೂ ವಯಸ್ಸು ಐವತ್ತು ದಾಟಿದೆ, ಕಾರು ಓಡಿಸೋಕೆ ಇಬ್ಬರಿಗೂ ಬರಲ್ಲ.

ಸ್ಪಿತಿಗೆ ಬೆಟ್ಟದ ಸಾಲು ದಾಟೋ ಕುಂಜುಮ್ ಪಾಸ್ ಮೇಲಿನ ಹಿಮ ತೆಗೆದು ರಸ್ತೆ ಓಪನ್ ಆದ್ಮೇಲೆ, ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ, ಮನಾಲಿ ಕಡೆಯಿಂದ ಸ್ಪಿತಿಯ ಮುಖ್ಯ ಊರು ಕಾಜಾಗೆ, ಕಾಜಾದಿಂದ ಮನಾಲಿ ಕಡೆಗೆ ಬಸ್ಸು ಓಡುತ್ತೆ. ಮೊದ್ಲು ರೋಹ್ತಾಂಗ್ ಪಾಸ್ ಹತ್ತಿ ಇಳೀಬೇಕಿತ್ತು, 2020ರಲ್ಲಿ ಅದರಡಿ ಅಟಲ್ ಟನಲ್ ಆದ್ಮೇಲೆ ಆ ಗೋಳು ತಪ್ಪಿದೆ. ಟನಲ್ ದಾಟಿ ಕೋಕ್ಸರ್, ಗ್ರಾಂಫೂ, ಛತ್ರು, ಬಾತಲ್, ಆಮೇಲೆ ಕುಂಜುಮ್, ಲೋಸರ್, ಕಾಜಾ. ಗ್ರಾಂಫೂ ಆದ್ಮೇಲೆ ಬಾತಲ್‌ವರೆಗೆ ರಸ್ತೆ ಅಂತ ಹೆಸರಿಗೆ ಅಷ್ಟೇ, ಕಲ್ಲು, ಧೂಳು, ರಸ್ತೆ ಮೇಲೇ ಹರಿಯೋ ಹಿಮದ ನೀರು. ಚಂದ್ರತಾಲ್‌ಗೆ ನಡೆಯೋರಿಗೆ ಎರಡು ಸ್ಟಾಪು ಮುಖ್ಯ. ಒಂದು ಬಾತಲ್, ಅಲ್ಲಿಂದ ಗಾಡಿ ರಸ್ತೇಲೇ 14 ಕಿಲೋಮೀಟರು. ಇನ್ನೊಂದು ಕುಂಜುಮ್ ನೆತ್ತಿ, ಅಲ್ಲಿಂದ ಬೆಟ್ಟದ ಓರೆಯಲ್ಲೇ ಹೋಗೋ ಕಾಲುದಾರಿ, ಎಂಟೊಂಬತ್ತು ಕಿಲೋಮೀಟರು. ಗಾಡಿ ಹತ್ತದ ದಾರಿ ಅದು, ಅದಕ್ಕೇ ಚೆನ್ನಾಗಿದೆ.

ಈಗ ಲೇಖನದಲ್ಲಿ ಬಿಟ್ಟುಹೋಗಿರೋ ದೊಡ್ಡ ವಿಷಯಕ್ಕೆ ಬರ್ತೀನಿ. ಮನಾಲಿ ಇರೋದು ಆರೂವರೆ ಏಳು ಸಾವಿರ ಅಡಿ ಎತ್ತರದಲ್ಲಿ, ಚಂದ್ರತಾಲ್ ಇರೋದು ಸುಮಾರು 14,000 ಅಡಿಯಲ್ಲಿ. ಬೆಳಗ್ಗೆ ಮನಾಲಿಲಿ ತಿಂಡಿ ತಿಂದು ಕಾರು ಹತ್ತಿದೋರು ಸಂಜೆಗೆ ಸರೋವರದ ಹತ್ರದ ಟೆಂಟಲ್ಲಿ ಇರ್ತಾರೆ. ಒಂದೇ ದಿನಕ್ಕೆ ಏಳು ಸಾವಿರ ಅಡಿ ಏರಿದ್ರೆ ಮೈ ಹೆಂಗ್ ತಡೆಯುತ್ತೆ ಹೇಳಿ, ರಾತ್ರಿ ತಲೆನೋವು, ವಾಂತಿ, ನಿದ್ದೆ ಇಲ್ಲ, ಉಸಿರು ಮೇಲೆ ಕೆಳಗೆ. ಆಗ ಕೆಳಗೆ ಇಳಿಸ್ಬೇಕು, ಅದೇ ಮದ್ದು, ಆದ್ರೆ ಅಲ್ಲಿ ಬೇಗ ಇಳಿಯೋಕೆ ಜಾಗ ಎಲ್ಲಿದೆ? ಒಂದು ಕಡೆ 15,000 ಅಡಿ ಕುಂಜುಮ್ ಹತ್ತಿ ದಾಟ್ಬೇಕು, ಇನ್ನೊಂದು ಕಡೆ ಆ ಕಲ್ಲು ರಸ್ತೇಲಿ ಗಂಟೆಗಟ್ಟಲೆ ಕುಲುಕಾಡ್ಕೊಂಡು ಹೋಗ್ಬೇಕು. ಬಾತಲ್ ಕೂಡ 13,000 ಅಡಿ ಹತ್ರ.

ಅದಕ್ಕೇ ನಾನು ಹೇಳೋದು ಉಲ್ಟಾ ಕಡೆಯಿಂದ ಬನ್ನಿ ಅಂತ. ನಮ್ಮ ಯಶವಂತಪುರದಿಂದ ಹುಬ್ಬಳ್ಳಿ ಮೇಲೆ ಚಂಡೀಗಢಕ್ಕೆ ಸಂಪರ್ಕ ಕ್ರಾಂತಿ ಟ್ರೇನ್ ಇದೆ, ಅಲ್ಲಿಂದ ಶಿಮ್ಲಾ, ಶಿಮ್ಲಾದಿಂದ ಕಿನ್ನೌರ್‌ನ ರೆಕಾಂಗ್ ಪಿಯೊ, ಪಿಯೊದಿಂದ ಕಾಜಾ, ಎಲ್ಲಾ ಕಡೆ ಸರ್ಕಾರಿ ಬಸ್ಸು. ಒಂದೊಂದು ಊರಲ್ಲಿ ಉಳ್ಕೊಂಡು ಹೋದ್ರೆ ಎತ್ತರ ತಾನಾಗಿ ಮೈಗೆ ಒಗ್ಗುತ್ತೆ. ಕಾಜಾ ಸುಮಾರು 12,000 ಅಡಿ, ಅಲ್ಲಿ ಎರಡು ಮೂರು ದಿನ ಇದ್ದು ಕೀ ಗೊಂಪಾ (ಬೌದ್ಧ ಮಠ), ಕಿಬ್ಬರ್ ಹಳ್ಳಿ ಅಂತ ಹಗಲು ಮೇಲೆ ಓಡಾಡಿ ರಾತ್ರಿ ಕೆಳಗೆ ಬಂದು ಮಲಗಿ. ಆಮೇಲೆ ಬೆಳಗಿನ ಜಾವ ಮನಾಲಿ ಕಡೆ ಹೋಗೋ ಬಸ್ಸು ಹತ್ತಿ ಕುಂಜುಮ್‌ನಲ್ಲಿ ಇಳೀರಿ. ಇಲ್ಲಿ ಮಜಾ ಏನಂದ್ರೆ ಕುಂಜುಮ್‌ನಿಂದ ಸರೋವರಕ್ಕೆ ಒಟ್ಟಾರೆ ಇಳಿಜಾರು, ನಡುವೆ ಸ್ವಲ್ಪ ಏರಿಳಿತ ಇದೆ ಅಷ್ಟೇ. ಬಾತಲ್‌ನಿಂದ ಹೊರಟೋರು ಏದುಸಿರು ಬಿಡ್ಕೊಂಡು ಹತ್ತುತ್ತಾ ಇರ್ತಾರೆ, ನೀವು ಮೇಲಿಂದ ಬರ್ತೀರ.

ಕುಂಜುಮ್‌ನಲ್ಲಿ ಇಳಿಸಿ ಅಂತ ಕಂಡಕ್ಟರ್‌ಗೆ ಹತ್ತುವಾಗ್ಲೇ ಹೇಳಿಟ್ಟಿರಿ. ಹೇಳದಿದ್ರೂ ಅಲ್ಲಿ ಬಸ್ಸು ನಿಲ್ಲುತ್ತೆ ಅನ್ನಿ, ಯಾಕಂದ್ರೆ ನೆತ್ತಿ ಮೇಲೆ ಕುಂಜುಮ್ ಮಾತೆ ಗುಡಿ ಇದೆ, ದೇವಿಗೆ ಸುತ್ತು ಹಾಕದೆ ಯಾವ ಡ್ರೈವರೂ ಮುಂದೆ ಹೋಗಲ್ಲ. ನಮ್ಮ ಬಸ್ಸೂ ಇಡೀ ಗುಡಿ ಸುತ್ತ ನಿಧಾನಕ್ಕೆ ಒಂದು ಪ್ರದಕ್ಷಿಣೆ ಹಾಕ್ತು, ಅಲ್ಲಿವರೆಗೆ ಗೊರಕೆ ಹೊಡೀತಿದ್ದೋರೆಲ್ಲ ಎದ್ದು ಕೂತು ಕೈ ಮುಗಿದ್ರು, ಲೋಸರ್‌ನಲ್ಲಿ ಹತ್ತಿದ್ದ ಒಬ್ಬ ಅಜ್ಜಿ ಬಟಾಣಿ ಮೂಟೆ ಮೇಲೆ ಕೂತಿದ್ದವ್ರು ಕಿಟಕಿ ಸರಿಸಿ ಏನೋ ಮಂತ್ರ ಹೇಳ್ತಾ ಇದ್ರು. ಇಳಿದೋರು ಗುಡೀಲಿ ಕಲ್ಲಿಗೆ ನಾಣ್ಯ ಒತ್ತಿ ನೋಡ್ತಾರೆ, ಅಂಟ್ಕೊಂಡ್ರೆ ಅಂದ್ಕೊಂಡಿದ್ದು ಆಗುತ್ತೆ ಅಂತ ನಂಬಿಕೆ. ನಮ್ಮನೆಯವ್ರದ್ದು ಅಂಟ್ತು, ನಂದು ಟಣ್ ಅಂತ ಬಿತ್ತು!

ಕಾಲುದಾರಿ ಬಗ್ಗೆ ಹೇಳ್ಬೇಕಂದ್ರೆ, ಎಡಗಡೆ ತುಂಬಾ ಕೆಳಗೆ ಚಂದ್ರಾ ನದಿ ಬೂದಿ ಬಣ್ಣಕ್ಕೆ ಕವಲು ಕವಲಾಗಿ ಹರೀತಾ ಇರುತ್ತೆ, ಆಚೆ ದಡದಲ್ಲಿ ಚಂದ್ರಭಾಗಾ ಸಾಲಿನ ಹಿಮದ ಶಿಖರಗಳು, ನಡೆದಷ್ಟು ಹೊತ್ತೂ ಕಣ್ಣೆದುರೇ ಇರ್ತವೆ. ಮರ ಒಂದೂ ಇಲ್ಲ, ನೆರಳು ಇಲ್ಲ, ಟೋಪಿ ಮರೀಬೇಡಿ. ಪುಡಿ ಕಲ್ಲಿನ ಇಳಿಜಾರು ದಾಟೋ ಕಡೆ ಕಾಲು ಜಾರುತ್ತೆ, ಕೋಲು ಇದ್ರೆ ವಾಸಿ. ದಾರಿ ಕೆಲವು ಕಡೆ ಮಸುಕು, ಮಂಜು ಕವಿದಿದ್ರೆ ಆ ದಾರಿ ಬೇಡ, ಸೀದಾ ಬಾತಲ್‌ಗೆ ಇಳಿದು ರಸ್ತೆ ಹಿಡೀರಿ. ಸೀಸನ್ ಶುರುವಲ್ಲಿ ಹಿಮ ಇನ್ನೂ ಕೂತಿರುತ್ತೆ, ಹಂಗಾಗಿ ಆಗಸ್ಟ್ ಕೊನೆ, ಸೆಪ್ಟೆಂಬರ್ ನಮ್ಮಂಥೋರಿಗೆ ಸರಿ. ಗೊತ್ತಿಲ್ಲದೋರು ಕಾಜಾದಿಂದಲೇ ಒಬ್ಬ ಗೈಡ್ ಕರ್ಕೊಂಡು ಹೋಗೋದು ಒಳ್ಳೇದು, ಮೊಬೈಲ್ ಸಿಗ್ನಲ್ ನಂಬ್ಕೊಂಡಂತೂ ಹೋಗ್ಬೇಡಿ.

ಸರೋವರದ ಬಗ್ಗೆ ನಿಮ್ಮ ಲೇಖಕರು ಸಾಕಷ್ಟು ಬರೆದಿದ್ದಾರೆ, ನಾನು ಉದ್ದ ಎಳೆಯಲ್ಲ. ಸುತ್ತ ಒಂದು ರೌಂಡು ನಡೆದ್ರೆ ಎರಡೂವರೆ ಕಿಲೋಮೀಟರ್ ಆಜುಬಾಜು. 2005ರಿಂದ ಅದು ರಾಮ್ಸರ್ ಅನ್ನೋ ಅಂತರರಾಷ್ಟ್ರೀಯ ಪಟ್ಟೀಲಿರೋ ಜೌಗುಪ್ರದೇಶ, ನೀರಿಗಿಳಿಯೋ ಹಂಗಿಲ್ಲ, ದಡದಲ್ಲಿ ಟೆಂಟ್ ಹಾಕೋ ಹಂಗಿಲ್ಲ, ಟೆಂಟ್‌ಗಳೆಲ್ಲ ಕೆಲವು ಕಿಲೋಮೀಟರ್ ದೂರದಲ್ಲಿವೆ. ಗಾಡಿಗಳೂ ಒಂದು ಕಿಲೋಮೀಟರ್ ಹಿಂದೇನೇ ನಿಲ್ಲಬೇಕು. ಆ ಪಾರ್ಕಿಂಗಲ್ಲಿ ಕೆಎ ನಂಬರಿನ ಬೈಕುಗಳು, ಹಳದಿ ಕೆಂಪು ಬಾವುಟ ನೋಡಿ ಖುಷೀನೂ ಆಯ್ತು, ಆದ್ರೆ ಕುರಿ ಮೇಯೋ ಹುಲ್ಲಿನ ಮೇಲೆ ಶೋಕಿಗೆ ಬೈಕ್ ಓಡಿಸ್ತಿದ್ದ ನಮ್ಮ ಹುಡುಗ್ರನ್ನ ನೋಡಿ ಸಿಟ್ಟೂ ಬಂತು. ಅಷ್ಟು ಎತ್ತರದಲ್ಲಿ ಹುಲ್ಲು ಬೆಳೆಯೋದೇ ವರ್ಷದಲ್ಲಿ ಮೂರು ನಾಲ್ಕು ತಿಂಗಳು, ಗದ್ದಿ ಕುರುಬರು ಆ ಹುಲ್ಲು ನಂಬ್ಕೊಂಡೇ ಬೆಟ್ಟ ದಾಟಿ ಮಂದೆ ಹೊಡ್ಕೊಂಡು ಬರ್ತಾರೆ. ಒಂದ್ಸಲ ಟಯರು ಕುಯ್ದ ಗೆರೆ ಎಷ್ಟೋ ವರ್ಷ ಹಂಗೇ ಉಳಿಯುತ್ತೆ. ಮುಳ್ಳಯ್ಯನಗಿರಿ ರಜೆ ದಿನ ಹೆಂಗಿರುತ್ತೆ ಅಂತ ನಮಗೆ ಗೊತ್ತಲ್ಲ, ಅದನ್ನೇ ಅಲ್ಲಿಗೂ ತಗೊಂಡು ಹೋಗ್ಬೇಕಾ?

ಇನ್ನೂ ಶಕ್ತಿ ಇರೋರಿಗೆ, ಟ್ರೆಕ್ಕಿಂಗ್ ಅನುಭವ ಇರೋರಿಗೆ ಇನ್ನೊಂದು ದಾರಿ ಇದೆ. ಸರೋವರದಿಂದ ಚಂದ್ರಾ ನದಿ ಜೊತೇನೇ ಮೇಲಕ್ಕೆ ಬಾರಾಲಾಚಾ ಪಾಸ್‌ವರೆಗೆ, ಸುಮಾರು ಮೂರು ದಿನ, ಟೆಂಟು ರೇಷನ್ನು ಎಲ್ಲಾ ಹೊತ್ಕೊಂಡು. ನಡುವೆ ತೊಕ್ಪೋ ಯೊಂಗ್ಮಾ, ತೊಕ್ಪೋ ಗೊಂಗ್ಮಾ ಅನ್ನೋ ಹಳ್ಳಗಳನ್ನ ದಾಟ್ಬೇಕು, ಮಧ್ಯಾಹ್ನ ಬಿಸಿಲಿಗೆ ಹಿಮ ಕರಗಿ ನೀರು ಏರುತ್ತೆ, ಬೆಳಗ್ಗೆ ಬೇಗ ದಾಟ್ಬೇಕು, ಗೈಡ್ ಇಲ್ಲದೆ ಬೇಡವೇ ಬೇಡ. ಬಾರಾಲಾಚಾ ಇರೋದು ಮನಾಲಿ–ಲೇಹ್ ರಸ್ತೇಲಿ, ಬೇಸಿಗೇಲಿ ದೆಹಲಿ–ಲೇಹ್ ಸರ್ಕಾರಿ ಬಸ್ಸು ಅಲ್ಲೇ ಹಾದು ಹೋಗುತ್ತೆ. ಅಂದ್ರೆ ಆ ದಾರಿಯ ಎರಡು ತುದೀಲೂ ಬಸ್ಸಿದೆ! ಟ್ಯಾಕ್ಸಿಯೋರು ಇದನ್ನ ಯಾಕೆ ಹೇಳ್ತಾರೆ ಬಿಡಿ.

ವಾಪಸ್ ಬರೋದು ಮಾತ್ರ ಪ್ಲಾನ್ ಮಾಡ್ಬೇಕು. ಕಾಜಾದಿಂದ ಬರೋ ಬಸ್ಸು ಬಾತಲ್‌ಗೆ ಮಧ್ಯಾಹ್ನದೊಳಗೇ ಬಂದುಬಿಡುತ್ತೆ, ತಪ್ಪಿಸ್ಕೊಂಡ್ರೆ ಇನ್ನೊಂದು ಸಿಗುತ್ತೆ ಅನ್ನೋ ಲೆಕ್ಕ ಅಲ್ಲಿ ನಡೆಯಲ್ಲ. ಹಿಂದಿನ ಸಂಜೆನೇ ಬಾತಲ್ ಸೇರಿ ಢಾಬಾದಲ್ಲಿ ರಾಜ್ಮಾ ಅನ್ನ ತಿಂದು ಅಲ್ಲೇ ರಜಾಯಿ ಹೊದ್ದು ಮಲಗಿದ್ರೆ ಚಿಂತೆ ಇಲ್ಲ. ಒಂದೆರಡು ದಿನ ಎಕ್ಸ್‌ಟ್ರಾ ಕೈಲಿಟ್ಕೊಳ್ಳಿ. 2023ರ ಜುಲೈನಲ್ಲಿ ಅಕಾಲದ ಹಿಮ ಬಿದ್ದು ಸುಮಾರು 300 ಜನ ಪ್ರವಾಸಿಗರು ಚಂದ್ರತಾಲ್ ಟೆಂಟುಗಳಲ್ಲೇ ದಿನಗಟ್ಟಲೆ ಸಿಕ್ಕಾಕ್ಕೊಂಡಿದ್ರು, ಕಾಯಿಲೆ ಬಿದ್ದೋರನ್ನ ಹೆಲಿಕಾಪ್ಟರಲ್ಲಿ ಕರ್ಕೊಂಡು ಹೋದ್ರು, ಉಳಿದೋರು ರಸ್ತೆ ಹಿಮ ತೆಗೆಯೋವರೆಗೂ ಕಾದ್ರು. ಕಾರಿದ್ದೋರೂ ಕಾದ್ರು.

ಆದ್ದರಿಂದ ಸಂಪಾದಕರೇ, ನನ್ನ ವಿನಂತಿ ಇಷ್ಟೇ. ಪುರವಣಿಲಿ ಊರು ಬೆಟ್ಟ ಕೆರೆ ಬಗ್ಗೆ ಬರೆಸಿದಾಗ ರೆಸಾರ್ಟ್ ರೇಟು ಹಾಕೋ ಜಾಗದಲ್ಲಿ ಬಸ್ಸು ಎಲ್ಲಿಂದ ಎಲ್ಲಿಗೆ, ಎಲ್ಲಿ ಇಳಿದು ಎಷ್ಟು ನಡೀಬೇಕು, ಎತ್ತರ ಎಷ್ಟು, ಎಲ್ಲಿ ನಿಂತು ಸುಧಾರಿಸ್ಕೊಂಡು ಹೋಗ್ಬೇಕು, ಇದನ್ನೂ ನಾಲ್ಕು ಸಾಲು ಹಾಕಿಸಿ. ನಿಮ್ಮ ಪೇಪರ್ ಓದೋರಲ್ಲಿ ಕಾರಿಲ್ಲದೋರೇ ಜಾಸ್ತಿ ಇದ್ದೀವಿ. ಟೈಮಿಂಗ್ ಮಾತ್ರ ಪ್ರಿಂಟ್ ಮಾಡ್ಬೇಡಿ, ಅದು ವರ್ಷ ವರ್ಷ, ಕೆಲವು ಸಲ ವಾರ ವಾರ ಬದಲಾಗುತ್ತೆ, ಹಿಂದಿನ ದಿನ ಕಾಜಾ ಬಸ್ ಸ್ಟ್ಯಾಂಡಲ್ಲಿ ಕೇಳಿ ಟಿಕೆಟ್ ತಗೊಳ್ಳಿ ಅಂತ ಬರೆದ್ರೆ ಸಾಕು.

ಇಂತಿ,
ನಿಮ್ಮ ಹಳೇ ಓದುಗ, ಶಿವಮೊಗ್ಗ