ಕಥೆ ತಿಳಿದು ಹೋಗಬೇಕಾದ ರಾತ್‌ಕ್ರೋಹನ್

ಮಾನ್ಯ ಸಂಪಾದಕರೇ,

ಹ್ಯಾಲೋವೀನ್ ಅಮೆರಿಕದವರ ಹಬ್ಬ, ಅದು ನಮಗೇಕೆ ಎಂಬ ಮಾತು ಪ್ರತಿ ಅಕ್ಟೋಬರ್‌ನಲ್ಲಿ ಕೇಳಿಬರುತ್ತದೆ. ಬೇಕೋ ಬೇಡವೋ ಎಂಬ ಚರ್ಚೆ ಹಾಗಿರಲಿ. ಅದರ ಬೇರು ಐರ್ಲೆಂಡಿನ ಸೌವಿನ್ ಹಬ್ಬದಲ್ಲಿದೆ ಎಂಬುದನ್ನೂ, ಆ ಹಬ್ಬದ ಐತಿಹ್ಯಗಳಿಗೆ ನೆಲೆಯಾದ ರಾತ್‌ಕ್ರೋಹನ್ ಎಂಬಲ್ಲಿಗೆ ಇಂದಿಗೂ ಹೋಗಿಬರಬಹುದು ಎಂಬುದನ್ನೂ ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ಡಬ್ಲಿನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಅಲ್ಲಿಂದ ಎರಡು ಗಂಟೆಯ ದಾರಿಯಾದ ರಾಸ್ಕಾಮನ್ ಕೌಂಟಿಯ ಟಲ್ಸ್ಕ್ ಎಂಬ ಪುಟ್ಟ ಊರಿಗೆ ಹೋಗಿದ್ದೆವು. ರಾತ್‌ಕ್ರೋಹನ್ ಇರುವುದು ಅದರ ಹತ್ತಿರದಲ್ಲೇ. ಸುತ್ತಮುತ್ತ 200ಕ್ಕೂ ಹೆಚ್ಚು ಪುರಾತನ ನೆಲೆಗಳಿದ್ದರೂ ಕಣ್ಣಿಗೆ ಬೀಳುವುದು ಹುಲ್ಲು, ದಿಬ್ಬ ಮತ್ತು ದನಗಳಷ್ಟೇ. ಮುಖ್ಯ ದಿಬ್ಬದ ಅಡ್ಡಳತೆ ಸುಮಾರು 88 ಮೀಟರ್, ಎತ್ತರ ಐದೂವರೆ ಮೀಟರ್. ಅದನ್ನು ಅಗೆಯದೆ, ಉಪಕರಣಗಳಿಂದಲೇ ನೆಲದೊಳಗನ್ನು ಪರೀಕ್ಷಿಸಿದ ಗಾಲ್ವೇ ವಿಶ್ವವಿದ್ಯಾಲಯದ ತಜ್ಞರಿಗೆ ಸುತ್ತಲೂ 360 ಮೀಟರ್ ಅಗಲದ ಆವರಣವೊಂದರ ಗುರುತು ಸಿಕ್ಕಿತು.

ಐರ್ಲೆಂಡಿನ ಪಶ್ಚಿಮದ ಕನಾಕ್ಟ್ ಪ್ರಾಂತ್ಯದ ರಾಣಿ ಮೇವ್‌ಳ ಅರಮನೆ ಇಲ್ಲಿತ್ತೆಂಬುದು ಐತಿಹ್ಯ. ಹಾಸಿಗೆಯ ಮೇಲೆ ಗಂಡ ಹೆಂಡಿರು ಯಾರ ಆಸ್ತಿ ಹೆಚ್ಚೆಂದು ಲೆಕ್ಕ ಹಾಕುವಾಗ, ಅವಳ ಹಿಂಡಿನಲ್ಲೇ ಹುಟ್ಟಿದರೂ ಹೆಂಗಸಿನ ಸ್ವತ್ತಾಗಿರಲು ಒಪ್ಪದೆ ಗಂಡನ ಹಿಂಡು ಸೇರಿದ್ದ ಬಿಳಿಗೊಂಬಿನ ಗೂಳಿಯೊಂದರಿಂದ ಅವನ ಕೈ ಮೇಲಾಗುತ್ತದೆ. ಅದಕ್ಕೆ ಸರಿಸಾಟಿಯಾದ ಕಂದು ಗೂಳಿಗಾಗಿ ಅವಳು ಉತ್ತರದ ಅಲ್‌ಸ್ಟರ್ ಪ್ರಾಂತ್ಯದ ಮೇಲೆ ದಂಡೆತ್ತಿ ಹೋಗುತ್ತಾಳೆ. ತುರುಗಾಳಗದ ವೀರಗಲ್ಲುಗಳನ್ನು ಊರೂರಲ್ಲಿ ಕಂಡ, ವಿರಾಟನ ಗೋಗ್ರಹಣದ ಕಥೆ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕಥೆ ತಿಳಿಯದೆ ಹೋದವರಿಗೆ ಅದು ಬರೀ ಗೋಮಾಳ. ಜೊತೆಗೆ ಬಂದಿದ್ದ ಅಳಿಯಂದಿರು ಹತ್ತೇ ನಿಮಿಷದಲ್ಲಿ ಕಾರಿನ ಕಡೆ ನೋಡತೊಡಗಿದ್ದರು.

ಅಲ್ಲಿಗೆ ಸಮೀಪದಲ್ಲೇ ಇರುವ ಓವನ್ನಗಾಟ್, ಅಂದರೆ ಬೆಕ್ಕುಗಳ ಗುಹೆ, ಹೊರಗಿನಿಂದ ಮುಳ್ಳುಮರದ ಬುಡದ ಬಿಲದಂತೆ ಕಾಣುತ್ತದೆ. ಸೌವಿನ್ ರಾತ್ರಿ ಪರಲೋಕದ ಜೀವಿಗಳು ಈ ಬಾಯಿಂದಲೇ ಹೊರಬರುತ್ತಿದ್ದವಂತೆ. ಕೆಸರಿನಲ್ಲಿ ತೆವಳಿ ಒಳಹೊಕ್ಕು ಟಾರ್ಚ್ ಹಿಡಿದಾಗ, ತಲೆಯ ಮೇಲಿನ ಅಡ್ಡಗಲ್ಲಿನ ಅಂಚಿನುದ್ದಕ್ಕೂ ಕೊಡಲಿ ಕಚ್ಚಿನಂಥ ಗೆರೆಗಳು ಕಂಡವು. ಅದು ಗೆರೆಗಳಿಂದಲೇ ಅಕ್ಷರ ಬರೆಯುವ ಐರ್ಲೆಂಡಿನ ಪುರಾತನ ಓಗಮ್ ಲಿಪಿ. 'ಮೇವ್ ಮಗ ಫ್ರೇಹ್‌ನದು' ಎಂದು ಓದುತ್ತಾರೆ. ಆ ಹೆಸರು ರಾಣಿಯದೇ ಎಂದು ಖಚಿತವಾಗಿ ಹೇಳಲಾಗದು ಎಂಬುದನ್ನು ಮಾರ್ಗದರ್ಶಕರೇ ಮೊದಲು ತಿಳಿಸಿದರು. ಇಂಥ ಜಾಗಗಳಲ್ಲಿ ಎಲ್ಲವೂ ಸತ್ಯವೆಂದು ಸಾಧಿಸುವವರನ್ನೇ ಹೆಚ್ಚಾಗಿ ಕಂಡಿದ್ದ ನನಗೆ ಅದು ಹಿಡಿಸಿತು.

ಮಕ್ಕಳ ಮನೆಗೆಂದು ಐರ್ಲೆಂಡಿಗೆ ಹೋಗುವ ಹಿರಿಯರು ಸಮುದ್ರದ ಬಂಡೆಗಳನ್ನಷ್ಟೇ ನೋಡಿ ಮರಳದೆ, ಇಲ್ಲಿಗೂ ಒಂದು ದಿನ ಮೀಸಲಿಡಬೇಕೆಂದು ನನ್ನ ಕೋರಿಕೆ. ಗುಹೆ ಇರುವುದು ಖಾಸಗಿ ಜಮೀನಿನ ನಡುವೆ. ಆದ್ದರಿಂದ ಟಲ್ಸ್ಕ್‌ನ ಸಂದರ್ಶಕರ ಕೇಂದ್ರದಲ್ಲಿ ವಿಚಾರಿಸಿ, ಮಾರ್ಗದರ್ಶಕರೊಂದಿಗೇ ಹೋಗಬೇಕು. ಹಳೆಯ ಬಟ್ಟೆ ತೊಟ್ಟು ಹೋಗುವುದು ಕ್ಷೇಮ. ಮಂಡಿನೋವಿದ್ದವರಿಗೆ ದಿಬ್ಬವೇ ಸಾಕು.

– ಒಬ್ಬ ಓದುಗ, ಮೈಸೂರು