ಘಾಟಿ ಇಳಿಯುವ ಮೊದಲು ಟೈರ್ ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಶನಿವಾರ ಬೆಳಿಗ್ಗೆ ಶಿರಾಡಿ ಘಾಟಿ ದಾರಿಯಲ್ಲಿ ಧರ್ಮಸ್ಥಳಕ್ಕೆ ಹೊರಡುತ್ತಿದ್ದೇವೆ. ಮಳೆಗಾಲ ಬೇರೆ. ಕಾರು ತರುವವರು ಶುಕ್ರವಾರದೊಳಗೆ ಟೈರ್ ಒಮ್ಮೆ ನೋಡಿಬಿಡಿ.

ಗಾಳಿ ಹಾಕಿಸುವುದು ಟೈರ್ ತಣ್ಣಗಿದ್ದಾಗ. ಓಡಿಸಿ ಬಿಸಿಯಾದ ಮೇಲೆ ಮೀಟರ್ ಜಾಸ್ತಿ ತೋರಿಸುತ್ತದೆ. ಎಷ್ಟು ಬೇಕು ಅನ್ನುವುದು ಡ್ರೈವರ್ ಬಾಗಿಲು ತೆಗೆದರೆ ಅಲ್ಲೇ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಜನ, ಲಗೇಜು ತುಂಬಿದಾಗಿನ ಲೆಕ್ಕ ಬೇರೆ ಇದ್ದರೆ ಅದನ್ನೇ ಹಾಕಿಸಿ. ಟೈರ್ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅಷ್ಟು ತುಂಬಿಸಬೇಡಿ. ಬಂಕಿನ ಹುಡುಗ "ಎಲ್ಲಾ ಕಾರಿಗೂ 35 ಸಾರ್" ಅಂದರೆ ಸುಮ್ನೆ ತಲೆಯಾಡಿಸಬೇಡಿ!

ಟೈರಿನ ಗೀರುಗಳ ಒಳಗೆ ಅಲ್ಲಲ್ಲಿ ಸಣ್ಣ ರಬ್ಬರ್ ಉಬ್ಬುಗಳಿರುತ್ತವೆ. ಟೈರ್ ಆ ಮಟ್ಟಕ್ಕೆ ಸವೆದಿದ್ದರೆ ಉಳಿದಿರುವುದು 1.6 ಮಿ.ಮೀ. ಕಾನೂನಿನ ಪ್ರಕಾರ ಅದೇ ಕೊನೆ. ನನ್ನ ಕೇಳಿದರೆ ಮಳೆಯ ಘಾಟಿಗೆ 3 ಮಿ.ಮೀ. ಆದರೂ ಬೇಕು. ಗೀರು ಆಳವಿಲ್ಲದಿದ್ದರೆ ನೀರು ಹೊರಗೆ ಹೋಗದೆ, ಬ್ರೇಕ್ ಒತ್ತಿದಾಗ ಕಾರು ಜಾರುತ್ತದೆ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳು ನೇರ ಕೂತಿವೆಯಾ ಅಂತ, ತೋರಿಸಿ.

ಪಕ್ಕದಲ್ಲಿ ಉಬ್ಬು ಬಂದಿದ್ದರೆ ಆ ಟೈರ್ ಬೇಡವೇ ಬೇಡ. ಪಕ್ಕಕ್ಕೆ ಪಂಚರ್ ಹಾಕಿಸಿ ತರುವುದೂ ಬೇಡ. ಟೈರ್ ಎಷ್ಟು ಹಳೆಯದು ಅಂತ ಗೊತ್ತಿಲ್ಲವಾ? ಪಕ್ಕದಲ್ಲಿ DOT ಅಂತ ಇಂಗ್ಲಿಷಿನಲ್ಲಿ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂದರೆ 2019ರ 23ನೇ ವಾರ ತಯಾರಾದದ್ದು.

ಸ್ಟೆಪ್ನಿಗೂ ಗಾಳಿ ಹಾಕಿಸಿ, ಅದನ್ನು ಎಲ್ಲರೂ ಮರೆಯುತ್ತಾರೆ. ಜ್ಯಾಕ್, ಪಾನಾ ಡಿಕ್ಕಿಯಲ್ಲಿ ಇದೆಯಾ ನೋಡಿ. ನನ್ನ ಹತ್ತಿರ ಸಣ್ಣ ಗಾಳಿ ಪಂಪು ಇದೆ. ಬೇಕಾದವರು ಶುಕ್ರವಾರ ಸಂಜೆ ಕೆಳಗೆ ಪಾರ್ಕಿಂಗಿಗೆ ಬನ್ನಿ.