ಮಕ್ಕಳಿಗೆ ಒಂದಿಡೀ ಬೆಳೆ ಬೆಳೆಯೋಕೆ ಬಿಡಿ

ಮಾನ್ಯ ಸಂಪಾದಕರೇ,

ಹೈಸ್ಕೂಲ್ ಮಕ್ಕಳಿಗೆ ಸುಸ್ಥಿರ ಕೃಷಿ ಕಲಿಸ್ಬೇಕು ಅಂತ ಎಲ್ರೂ ಹೇಳ್ತಾರೆ, ಆದ್ರೆ ಎಷ್ಟೋ ಕಡೆ ನಡೆಯೋದು ಏನಂದ್ರೆ ಒಂದಿನ ತೋಟಕ್ಕೆ ಕರ್ಕೊಂಡ್ಹೋಗಿ ಸಸಿ ನೆಡಿಸಿ ಫೋಟೋ ತೆಗೆದು ವಾಪಸ್ ಬರೋದು. ಆ ಸಸಿ ಬದುಕ್ತೋ ಒಣಗ್ತೋ ನೆಟ್ಟವರಿಗೇ ಗೊತ್ತಿರಲ್ಲ. ಬಿತ್ತನೆಯಿಂದ ಕೊಯ್ಲಿನ ತನಕ, ಕೊಯ್ಲಾದ್ಮೇಲೆ ಮುಂದಿನ ಬೆಳೆಗೆ ನೆಲ ಹದ ಮಾಡೋ ತನಕ ಒಂದು ಮಡಿ ಪೂರ್ತಿ ಅವರ ಜವಾಬ್ದಾರಿಲೇ ಇರ್ಬೇಕು.

ಮಣ್ಣಿನ ವಿಷಯ ಕಣ್ಣಾರೆ ನೋಡಿದ್ರೇನೇ ತಲೆಗೆ ಹೋಗೋದು. ಎರಡು ಒಣ ಹೆಂಟೆ ತಗೊಳ್ಳಿ, ಒಂದು ವರ್ಷಾನುಗಟ್ಟಲೆ ಉತ್ತು ಉತ್ತು ಸತ್ವ ಕಳ್ಕೊಂಡ ನೆಲದ್ದು, ಇನ್ನೊಂದು ಎಲೆಕಸ, ಬೇರು ಎಲ್ಲ ಕೊಳೆತು ಸೇರ್ಕೊಂಡಿರೋ ನೆಲದ್ದು, ಎರಡನ್ನೂ ನೀರಿರೋ ಗಾಜಿನ ಲೋಟಕ್ಕೆ ಬಿಡಿ. ಮೊದಲ್ನೇದು ಸಾಮಾನ್ಯವಾಗಿ ನೋಡ್ನೋಡ್ತಾನೇ ಪುಡಿಯಾಗಿ ತಳ ಸೇರುತ್ತೆ, ಎರಡ್ನೇದು ಇಡಿಯಾಗಿ ಕೂತಿರುತ್ತೆ. ಮಳೆಗೆ ಮೇಲ್ಮಣ್ಣು ಯಾಕೆ ಕೊಚ್ಚಿಹೋಗುತ್ತೆ ಅಂತ ಆಮೇಲೆ ಬೋರ್ಡ್ ಮೇಲೆ ಬರೆಯೋದೇ ಬೇಡ. ಹಾಗೇ ಅಲಸಂದೆ ಗಿಡ ಹೂ ಬಿಡೋ ಹೊತ್ತಿಗೆ ಬುಡಸಮೇತ ಎತ್ತಿ ಬೇರುಗಂಟನ್ನ ಉಗುರಲ್ಲಿ ಸೀಳಿಸಿ, ಒಳಗೆ ನಸುಗೆಂಪಾಗಿದ್ರೆ ರೈಜೋಬಿಯಂ ಅನ್ನೋ ಬ್ಯಾಕ್ಟೀರಿಯಾ ಕೆಲಸ ಮಾಡ್ತಿದೆ ಅಂತ ಅರ್ಥ. ಗಾಳಿಯಲ್ಲಿ 78% ಸಾರಜನಕನೇ ಇದ್ರೂ ಗಿಡಕ್ಕೆ ನೇರವಾಗಿ ಸಿಗಲ್ಲ, ಅದನ್ನ ಹಿಡಿದು ಕೊಡೋದು ಈ ಜೀವಿಗಳು, ನಡುನಡುವೆ ಅಲಸಂದೆಯಂಥ ಬೆಳೆ ಹಾಕಿ ಬೆಳೆ ಬದಲಾಯಿಸ್ತಾ ಹೋಗಿ ಅಂತ ರೈತರು ಹೇಳೋದು ಸುಮ್ನೆ ಅಲ್ಲ.

ಕಾಂಪೋಸ್ಟ್ ಗುಡ್ಡೆನೂ ಅಷ್ಟೇ. ನಾರ್ತಿದ್ರೆ ಹಸಿ ಕಸ ಜಾಸ್ತಿ ಆಗಿದೆ, ಗಾಳಿ ಸಾಲ್ತಿಲ್ಲ, ಒಣ ಎಲೆ ಸೇರಿಸಿ ತಿರುವಿ ಹಾಕ್ಬೇಕು. ಸರಿಯಾಗಿ ಬಿದ್ದ ದೊಡ್ಡ ಗುಡ್ಡೆ ಒಳಗೆ 55-65 ಡಿಗ್ರಿ ಬಿಸಿ ಏರುತ್ತೆ, ಥರ್ಮಾಮೀಟರ್ ಇಟ್ಟು ನೋಡಲಿ.

ಮತ್ತೆ ಗಿಡಹೇನು ಕಂಡ ತಕ್ಷಣ ಔಷಧಿ ಹೊಡೆಯೋ ಆತುರ ಬೇಡ, ಗುಲಗಂಜಿ ಹುಳದ ಮರಿಗಳು ಬಂದು ತಿಂತಾವಾ ಅಂತ ಸ್ವಲ್ಪ ದಿನ ಕಾಯೋಕೆ ಬಿಡಿ, ಬೆಳೆ ಹೋದ್ರೂ ಪರವಾಗಿಲ್ಲ. ಅದಕ್ಕೇ ಮಾರ್ಕ್ಸ್ ಇಳುವರಿಗೆ ಕೊಡ್ಬೇಡಿ, ದಿನಾ ಏನ್ ನೋಡಿದ್ರು, ಯಾಕೆ ಹಾಗೆ ಮಾಡಿದ್ರು ಅಂತ ಬರೆದ ನೋಟ್‌ಬುಕ್ ನೋಡಿ ಕೊಡಿ.

ಕಲಿಸೋಕೆ ಅನುಭವ ಇರೋ ರೈತರನ್ನೇ ಕರೀರಿ, ಆದ್ರೆ ಶಾಲು ಹೊದಿಸಿ ಕಳಿಸೋ ಅತಿಥಿ ಥರ ಅಲ್ಲ, ಸಂಬಳ ಕೊಟ್ಟು ವಾರ ವಾರ ಬರೋ ಮೇಷ್ಟ್ರ ಥರ. ರಜೆಯಲ್ಲಿ ನೀರು ಹಾಕೋರು ಯಾರು ಅನ್ನೋದನ್ನ ಮಾತ್ರ ಬಿತ್ತೋಕೆ ಮುಂಚೆನೇ ತೀರ್ಮಾನ ಮಾಡ್ಕೊಳ್ಳಿ, ಶಾಲೆ ತೋಟಗಳು ಒಣಗೋದು ಹೆಚ್ಚಾಗಿ ಅಲ್ಲೇ.

ಇಂತಿ,
ಒಬ್ಬ ಓದುಗ